ಮಗಳ ಮೊದಲ ಹಿಮಗಾಲ: ಆಲ್ದೂರಿನ ತಾಯಿಯೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ:

ಡಾಕ್ಟ್ರೇ, ನಮ್ಮದು ಚಿಕ್ಕಮಗಳೂರು ತಾಲ್ಲೂಕು, ಆಲ್ದೂರಿನ ಹತ್ತಿರ ಸಣ್ಣ ಕಾಫಿ ತೋಟ. ಮಗಳಿಗೆ 26 ವರ್ಷ. ಮೇ ತಿಂಗಳಲ್ಲಿ ಹಾಸನದ ಹುಡುಗನ ಜೊತೆ ಮದುವೆ ಆಯಿತು. ಸೆಪ್ಟೆಂಬರಿನಲ್ಲಿ ಇಬ್ಬರೂ ಕೆನಡಾದ ವಿನಿಪೆಗ್‌ಗೆ ಹೋದರು. ಅಳಿಯಂದಿರಿಗೆ ಕೆಲಸ ಇದೆ, ಅವಳಿಗೆ ಇನ್ನೂ ಸಿಕ್ಕಿಲ್ಲ. ಮೊದಲ ಸಲ ಹಿಮ ಬಿದ್ದ ದಿನ ವಿಡಿಯೊ ಕಾಲ್ ಮಾಡಿ ಮಕ್ಕಳ ಹಾಗೆ ಕುಣಿದಳು. ಈಗ ಮೂರು ವಾರದಿಂದ ಮಾತೇ ಕಡಿಮೆ. ಬೆಳಗ್ಗೆ ಹತ್ತಾದರೂ ಏಳುವುದಿಲ್ಲವಂತೆ. ಬರೀ ಬ್ರೆಡ್ಡು, ಸಿಹಿ ತಿನ್ನುತ್ತಾಳಂತೆ. ಕೈ ಕಾಲು ಚರ್ಮ ಒಡೆದು ಉರಿ. ಎರಡು ಸಲ ಮೂಗಿನಲ್ಲಿ ರಕ್ತ ಬಂತು. ಮುಟ್ಟು ಏರುಪೇರಾಗಿದೆ. ನಾವು ಮಾಂಸ ತಿನ್ನುವವರಲ್ಲ. ಅಲ್ಲಿ ಏನು ತಿನ್ನುತ್ತಾಳೋ ಗೊತ್ತಿಲ್ಲ. 'ಕ್ರಿಸ್‌ಮಸ್ ರಜೆಗೆ ಎಲ್ಲರೂ ಅವರವರ ಮನೆಗೆ ಹೋಗ್ತಾರೆ, ನಾವಿಬ್ಬರೇ ಗೋಡೆ ನೋಡ್ಕೊಂಡು ಕೂರಬೇಕು ಅಮ್ಮ' ಅಂತ ಮೊನ್ನೆ ಅತ್ತುಬಿಟ್ಟಳು. ಶೀತ ಮೈಗೆ ಇಳಿದಿದೆ, ಗರ್ಭಕೋಶಕ್ಕೆ ಹೊಡೆಯುತ್ತೆ ಅಂತ ನೆಂಟರು ಹೇಳುತ್ತಾರೆ. ರಾತ್ರಿ ಒಂದು ಚಮಚ ಬ್ರಾಂದಿ ಕುಡಿಸಿ ಅನ್ನುವವರೂ ಇದ್ದಾರೆ. ಅವಳನ್ನು ವಾಪಸ್ ಕರೆಸಿಕೊಳ್ಳಲೇ? ಇಲ್ಲ, ನಾನೇ ಹೋಗಲೇ? ನನಗೆ 58 ವರ್ಷ, ಬಿಪಿ, ಶುಗರ್ ಎರಡೂ ಇದೆ. ದಿನಾ ಬೆಳಗ್ಗೆ ಆರೂವರೆಗೆ, ಹಣ್ಣು ಕೊಯ್ಯುವ ಆಳುಗಳು ಬರುವ ಮೊದಲು ಫೋನ್ ಮಾಡುತ್ತೇನೆ. ಮಾತು ಮುಗಿಸುವಷ್ಟರಲ್ಲಿ ಇಬ್ಬರೂ ಅಳುತ್ತಿರುತ್ತೇವೆ.

ಉತ್ತರ:

ಅಮ್ಮಾ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಫೋನ್ ಮಾಡುವ ಹೊತ್ತು ಬರೆದಿದ್ದೀರಲ್ಲ, ಎರಡು ಸಲವೂ ನನ್ನ ಕಣ್ಣು ಅಲ್ಲೇ ನಿಂತಿತು. ಅದಕ್ಕೆ ಆಮೇಲೆ ಬರುತ್ತೇನೆ.

ನಾನು ಈಗ ಹಾಸನದಲ್ಲಿ ರೋಗಿಗಳನ್ನು ನೋಡುತ್ತೇನೆ. ಅದಕ್ಕೂ ಮೊದಲು ಒಂಬತ್ತು ವರ್ಷ ವಿನಿಪೆಗ್‌ನಲ್ಲೇ ಫ್ಯಾಮಿಲಿ ಡಾಕ್ಟರ್ ಆಗಿದ್ದೆ. ನಾನು, ನನ್ನ ಹೆಂಡತಿ ಹೋದದ್ದೂ ಮದುವೆಯಾದ ವರ್ಷವೇ. ನಿಮ್ಮ ಮಗಳು ಕೂತಿರುವ ಕಿಟಕಿ ಹೇಗಿರುತ್ತದೆ ಅಂತ ನನಗೆ ಗೊತ್ತು.

ನಿಮ್ಮ ಪ್ರಶ್ನೆಯಲ್ಲಿ ಎರಡು ಭಯ ಒಂದಕ್ಕೊಂದು ಸುತ್ತಿಕೊಂಡಿವೆ. ಒಂದು, ಆ ದೇಶದ ಚಳಿ ಅವಳ ಮೈಯನ್ನು ಕೆಡಿಸುತ್ತಿದೆ ಅನ್ನುವುದು. ಇನ್ನೊಂದು, ಅವಳು ಒಳಗೊಳಗೇ ಕುಸಿಯುತ್ತಿದ್ದಾಳೆ ಅನ್ನುವುದು. ಮೊದಲನೆಯದರ ಬಗ್ಗೆ ನೀವು ಸ್ವಲ್ಪ ನಿರಾಳವಾಗಬಹುದು. ಎರಡನೆಯದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಅದಕ್ಕೆ ದಾರಿ ಇದೆ.

ನಮ್ಮ ಕಡೆ ನೆಗಡಿಗೂ ಶೀತ ಅಂತೀವಿ, ಚಳಿಗೂ ಶೀತ ಅಂತೀವಿ, ಮೊಸರು ಸೌತೆಕಾಯಿಯೂ ಶೀತ. ಮೂರಕ್ಕೂ ಒಂದೇ ಮಾತು ಇರುವುದರಿಂದ ಮೂರೂ ಒಂದೇ ಅನ್ನಿಸಿಬಿಡುತ್ತದೆ. ನೆಗಡಿ ಬರುವುದು ವೈರಸ್‌ನಿಂದ. ಚಳಿಗಾಲದಲ್ಲಿ ಅದು ಜಾಸ್ತಿ ಹರಡುತ್ತದೆ, ಯಾಕೆಂದರೆ ಎಲ್ಲರೂ ಕಿಟಕಿ ಮುಚ್ಚಿಕೊಂಡು ಒಂದೇ ಕಡೆ ಇರುತ್ತಾರೆ, ಗಾಳಿಯೂ ಒಣಗಿರುತ್ತದೆ. ಹಿಮ ಮೈಗೆ ಇಳಿದು, ಒಳಗೆ ಉಳಿದು, ಗರ್ಭಕೋಶಕ್ಕೆ ಹೊಡೆಯುವುದು ಅಂತ ಒಂದು ಕಾಯಿಲೆ ಇಲ್ಲ. ಆ ಊರಿನಲ್ಲೇ ಹುಟ್ಟಿ ಬೆಳೆದ ನೂರಾರು ಹೆಂಗಸರ ಗರ್ಭಿಣಿ ತಪಾಸಣೆ ನಾನೇ ಮಾಡಿದ್ದೇನೆ.

ಇನ್ನೊಂದು ವಿಷಯ ಯೋಚಿಸಿ ನೋಡಿ. ಡಿಸೆಂಬರ್ ರಾತ್ರಿ ನಮ್ಮಲ್ಲಿ 13-14 ಡಿಗ್ರಿ ಇರುತ್ತದೆ. ಮನೆಯ ಹೊರಗೂ ಅಷ್ಟೇ, ಒಳಗೂ ಹೆಚ್ಚು ಕಡಿಮೆ ಅಷ್ಟೇ. ಕಂಬಳಿ ಹೊದ್ದು, ಬಚ್ಚಲ ಒಲೆ ಮುಂದೆ ಕೂತು ಕೈ ಕಾಸಿಕೊಳ್ಳುತ್ತೇವೆ. ವಿನಿಪೆಗ್‌ನಲ್ಲಿ ಜನವರಿಯ ಸರಾಸರಿಯೇ ಸೊನ್ನೆಗಿಂತ ಸುಮಾರು 16 ಡಿಗ್ರಿ ಕೆಳಗೆ. ಆದರೆ ಮನೆಯೊಳಗೆ ಹೀಟರ್ 20-21 ಡಿಗ್ರಿ ಇಟ್ಟಿರುತ್ತದೆ. ಅಂದರೆ ಮನೆಯೊಳಗೆ ಇರುವಷ್ಟು ಹೊತ್ತೂ ನಿಮ್ಮ ಮಗಳು ನಮ್ಮ ಡಿಸೆಂಬರ್ ರಾತ್ರಿಗಿಂತ ಬೆಚ್ಚಗೆ ಕೂತಿದ್ದಾಳೆ.

ಅವಳ ಚರ್ಮ ಒಡೆದದ್ದು, ಮೂಗಿನಲ್ಲಿ ರಕ್ತ ಬಂದದ್ದು ಆ ಬೆಚ್ಚನೆಯಿಂದಲೇ. ತಣ್ಣನೆಯ ಗಾಳಿ ನೀರಿನ ಪಸೆಯನ್ನು ಬಹಳ ಕಡಿಮೆ ಹಿಡಿದಿಟ್ಟುಕೊಳ್ಳುತ್ತದೆ. ಅದನ್ನೇ ಒಳಗೆ ತಂದು ಕಾಯಿಸಿದರೆ ಒಣ ಹವೆ ಆಗುತ್ತದೆ. ಕಾಫಿ ಕಣದಲ್ಲಿ ಬಿಸಿಲು ಗಾಳಿ ಬೀಜವನ್ನು ಒಣಗಿಸುವ ಹಾಗೆ ಅದು ಮೈಯನ್ನು ಒಣಗಿಸುತ್ತದೆ. ಇದಕ್ಕೆ ಹ್ಯುಮಿಡಿಫೈಯರ್ ಅಂತ ಒಂದು ಸಣ್ಣ ಯಂತ್ರ ಸಿಗುತ್ತದೆ. ಕೋಣೆಯ ಪಸೆಯನ್ನು ಶೇಕಡಾ 30-40ಕ್ಕೆ ತಂದರೆ ಸಾಕು. ಜಾಸ್ತಿ ಮಾಡಿದರೆ ಕಿಟಕಿ ಗಾಜಿನಲ್ಲಿ ನೀರು ಇಳಿದು ಗೋಡೆಗೆ ಬೂಷ್ಟು ಹಿಡಿಯುತ್ತದೆ. ಯಂತ್ರವನ್ನು ಆಗಾಗ ತೊಳೆಯಬೇಕು. ಸ್ನಾನ ಉಗುರುಬೆಚ್ಚಗಿರಲಿ, ಹತ್ತು ನಿಮಿಷದೊಳಗೆ ಮುಗಿಯಲಿ. ಮೈ ಇನ್ನೂ ಹಸಿ ಇರುವಾಗಲೇ ದಪ್ಪ ಕ್ರೀಮ್ ಹಚ್ಚಿಕೊಳ್ಳಲಿ. ಕೊಬ್ಬರಿ ಎಣ್ಣೆಯೂ ಆಗುತ್ತದೆ. ಆದರೆ ತಲೆಯಿಂದ ಕಾಲಿನವರೆಗೆ ಎಣ್ಣೆ ಹಚ್ಚಿಕೊಂಡು ಅಲ್ಲಿನ ನುಣ್ಣನೆಯ ಬಾತ್‌ಟಬ್‌ನೊಳಗೆ ಕಾಲಿಡುವುದು ಬೇಡ. ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡ ಇಬ್ಬರಿಗೆ ನಾನೇ ಪಟ್ಟಿ ಹಾಕಿಸಿದ್ದೇನೆ. ಮೂಗಿನಲ್ಲಿ ರಕ್ತ ಬಂದರೆ ತಲೆ ಹಿಂದಕ್ಕೆ ಬಾಗಿಸಬಾರದು. ಮುಂದಕ್ಕೆ ಬಾಗಿ, ಮೂಗಿನ ಮೆತ್ತಗಿನ ಭಾಗವನ್ನು ಬಿಡದೆ ಹತ್ತು ಹದಿನೈದು ನಿಮಿಷ ಒತ್ತಿ ಹಿಡಿಯಬೇಕು. ಅರ್ಧ ಗಂಟೆಯಾದರೂ ನಿಲ್ಲದಿದ್ದರೆ ಆಸ್ಪತ್ರೆ.

ಮುಟ್ಟಿನ ವಿಷಯ. ಹೊಸ ದೇಶ, ನಿದ್ದೆಯ ಏರುಪೇರು, ಚಿಂತೆ, ತೂಕದ ಬದಲಾವಣೆ, ಇವುಗಳಿಂದ ಮೊದಲ ಕೆಲವು ತಿಂಗಳು ಮುಟ್ಟು ಆಚೀಚೆ ಆಗುವುದು ಸಾಮಾನ್ಯ. ಆದರೂ ಹೊಸದಾಗಿ ಮದುವೆಯಾದವಳು, ಸುಸ್ತು, ನಿದ್ದೆ ಜಾಸ್ತಿ, ಮುಟ್ಟು ತಪ್ಪಿದೆ ಅಂದಾಗ ಯಾವ ಡಾಕ್ಟರಾದರೂ ಮೊದಲು ಕೇಳುವುದು ಒಂದೇ. ಔಷಧಿ ಅಂಗಡಿಯಿಂದ ಪ್ರೆಗ್ನೆನ್ಸಿ ಕಿಟ್ ತಂದು ನೋಡಲಿ. ಇದನ್ನು ಇವತ್ತೇ ಹೇಳಿ, ಯಾಕೆಂದರೆ ಮುಂದೆ ತೆಗೆದುಕೊಳ್ಳುವ ಮಾತ್ರೆಗಳೆಲ್ಲ ಆ ಉತ್ತರದ ಮೇಲೆ ನಿಂತಿವೆ.

ಬ್ರಾಂದಿ ಬೇಡ. ಕುಡಿದಾಗ ಚರ್ಮದ ರಕ್ತನಾಳಗಳು ಹಿಗ್ಗುತ್ತವೆ. ಅದಕ್ಕೇ ಬೆಚ್ಚಗಾದ ಹಾಗೆ ಅನ್ನಿಸುತ್ತದೆ. ನಿಜದಲ್ಲಿ ಒಳಗಿನ ಬಿಸಿ ಹೊರಗೆ ಹೋಗುತ್ತಿರುತ್ತದೆ. ಹೊರಗೆ ಮೈನಸ್ 25 ಇರುವಾಗ ಅದು ಅಪಾಯ. ಮನಸ್ಸು ಕುಗ್ಗಿರುವವರಿಗಂತೂ ಕುಡಿತ ಇನ್ನಷ್ಟು ಕುಗ್ಗಿಸುತ್ತದೆ.

ಹಾಗಾದರೆ ಆ ಚಳಿಯಿಂದ ಅಪಾಯವೇ ಇಲ್ಲವೇ? ಇದೆ. ಸುಮ್ನೆ ಏನೂ ಆಗಲ್ಲ ಅಂತ ನಾನು ಹೇಳುವುದಿಲ್ಲ. ಅಲ್ಲಿ ಡಿಗ್ರಿಯ ಜೊತೆಗೆ ಗಾಳಿಯ ಲೆಕ್ಕವನ್ನೂ ಸೇರಿಸಿ ಎಷ್ಟು ಚಳಿ 'ಅನಿಸುತ್ತದೆ' ಅಂತ ಹವಾಮಾನ ವರದಿಯಲ್ಲಿ ಹೇಳುತ್ತಾರೆ. ಅದಕ್ಕೆ ವಿಂಡ್ ಚಿಲ್ ಅಂತಾರೆ. ಅದು ಮೈನಸ್ 28 ದಾಟಿದರೆ ಮುಚ್ಚದ ಚರ್ಮ 10ರಿಂದ 30 ನಿಮಿಷದಲ್ಲಿ ಹೆಪ್ಪುಗಟ್ಟಬಹುದು. ಮೈನಸ್ 40 ದಾಟಿದರೆ 5ರಿಂದ 10 ನಿಮಿಷ ಸಾಕು. ಮೊದಲು ಹೊಡೆಯುವುದು ಕಿವಿ ತುದಿ, ಮೂಗು, ಕೆನ್ನೆ, ಬೆರಳು. ನೋವು ಬಂದು, ಆಮೇಲೆ ನೋವೇ ಇಲ್ಲದೆ ಮರಗಟ್ಟಿದರೆ, ಚರ್ಮ ಬಿಳಿಚಿಕೊಂಡರೆ ಅದೇ ಎಚ್ಚರಿಕೆ. ನಮ್ಮಂಥ ಕಂದು ಚರ್ಮದಲ್ಲಿ ಬಿಳಿಚಿದ್ದು ಬೇಗ ಕಾಣುವುದಿಲ್ಲ, ಬೂದಿ ಬಣ್ಣದ ಹಾಗೆ ಇರುತ್ತದೆ. ಆದ್ದರಿಂದ ಮರಗಟ್ಟುವುದನ್ನೇ ನಂಬಬೇಕು. ಹಾಗಾದಾಗ ಉಜ್ಜಬಾರದು. ಹಿಮದಿಂದ ಉಜ್ಜುವುದಂತೂ ಬೇಡವೇ ಬೇಡ. ಹೀಟರಿಗೆ, ಒಲೆಗೆ ಹಿಡಿಯಬಾರದು, ಮರಗಟ್ಟಿದ ಚರ್ಮಕ್ಕೆ ಸುಟ್ಟದ್ದೂ ತಿಳಿಯುವುದಿಲ್ಲ. ಒಳಗೆ ಬಂದು, ಉಂಗುರ ಇದ್ದರೆ ಊದಿಕೊಳ್ಳುವ ಮೊದಲೇ ತೆಗೆದು, 37-39 ಡಿಗ್ರಿಯ ನೀರಿನಲ್ಲಿ ಅದ್ದಿಡಬೇಕು. ಮಗುವಿಗೆ ಸ್ನಾನ ಮಾಡಿಸುವಷ್ಟು ಬೆಚ್ಚಗಿನ ನೀರು ಅಂದುಕೊಳ್ಳಿ. ಗುಳ್ಳೆ ಎದ್ದರೆ, ಬಣ್ಣ ತಿರುಗದಿದ್ದರೆ ಆಸ್ಪತ್ರೆಗೆ ಹೋಗಬೇಕು.

ಬಟ್ಟೆಯ ಬಗ್ಗೆ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಜುಲೈ ಮಳೆಯಲ್ಲಿ ತೋಟದ ಆಳುಗಳು ಕಂಬಳಿ ಕೊಪ್ಪೆ ಹಾಕಿಕೊಂಡು ಬರುತ್ತಿದ್ದುದನ್ನು ನೀವು ನೋಡಿ ಬೆಳೆದವರು. ನೆನೆದರೂ ಕಂಬಳಿ ಬೆಚ್ಚಗೇ ಇರುತ್ತದೆ. ಹತ್ತಿ ಬಟ್ಟೆ ನೆನೆದರೆ ಮೈಯ ಬಿಸಿಯನ್ನೆಲ್ಲ ಹೀರಿಬಿಡುತ್ತದೆ. ಅಲ್ಲಿಯೂ ಇದೇ ಲೆಕ್ಕ. ಮೈಗೆ ಅಂಟಿಕೊಂಡಿರುವ ಮೊದಲ ಪದರ ಹತ್ತಿಯದಾಗಿರಬಾರದು, ಏಕೆಂದರೆ ನಡೆದಾಗ ಬೆವರುತ್ತದೆ. ತೆಳ್ಳನೆಯ ಉಣ್ಣೆಯದು ಅಥವಾ ಅದಕ್ಕೆಂದೇ ಮಾಡಿದ ಸಿಂಥೆಟಿಕ್ ಬಟ್ಟೆ ಇರಲಿ. ಅದರ ಮೇಲೆ ಸ್ವೆಟರ್ ಅಥವಾ ಫ್ಲೀಸ್, ಎಲ್ಲಕ್ಕಿಂತ ಹೊರಗೆ ಗಾಳಿ ತಡೆಯುವ ಜಾಕೆಟ್. ಬೆರಳು ಬೇರೆ ಬೇರೆ ಇರುವ ಗ್ಲೌಸ್‌ಗಿಂತ ನಾಲ್ಕು ಬೆರಳೂ ಒಟ್ಟಿಗಿರುವ ಮಿಟನ್ ಬೆಚ್ಚಗೆ. ಬೂಟು ಸ್ವಲ್ಪ ಸಡಿಲ ಇರಲಿ. ಎರಡು ಜೊತೆ ಕಾಲುಚೀಲ ತುರುಕಿ ಬಿಗಿಯಾದರೆ ರಕ್ತ ಓಡದೆ ಕಾಲು ಇನ್ನೂ ತಣ್ಣಗಾಗುತ್ತದೆ.

ಇದನ್ನು ಹೇಳುವಾಗ ಕಾಲುಂಗುರದ ಮಾತೂ ಬರುತ್ತದೆ. ಹೊಸ ಮದುವೆ, ತೆಗೆಯುವುದು ಹೇಗೆ ಅಂತ ಎಷ್ಟೋ ಹೆಣ್ಣುಮಕ್ಕಳು ಒದ್ದಾಡುತ್ತಾರೆ. ಬಿಗಿ ಬೂಟಿನೊಳಗೆ ಬಿಗಿ ಉಂಗುರ ಇದ್ದರೆ ಬೆರಳು ಊದಿ, ಕೆಂಪಾಗಿ, ತುರಿಕೆ ಬರುತ್ತದೆ. ಸಡಿಲ ಇದ್ದರೆ ಇರಲಿ. ಬಿಗಿ ಇದ್ದರೆ ಹೊರಗೆ ಹೋಗುವಾಗ ತೆಗೆದಿಟ್ಟು ಬಂದು ಹಾಕಿಕೊಳ್ಳಲಿ. 'ತೆಗೆದರೆ ಪರವಾಗಿಲ್ಲ ಮಗಳೇ' ಅಂತ ನೀವು ಹೇಳಿ. ಈ ಒಂದು ಮಾತಿಗೆ ಡಾಕ್ಟರಿಗಿಂತ ಅಮ್ಮನ ಅಪ್ಪಣೆ ದೊಡ್ಡದು. ಜುಮುಕಿ, ಓಲೆ ಇದ್ದರೆ ಕಿವಿ ಪೂರ್ತಿ ಟೋಪಿಯೊಳಗೆ ಇರಬೇಕು. ಲೋಹ ಬೇಗ ತಣ್ಣಗಾಗುತ್ತದೆ.

ನನಗೆ ಹೆದರಿಕೆ ಇರುವ ಇನ್ನೊಂದು ವಿಷಯವಿದೆ. ಮನೆಯೊಳಗೆ ಕೆಂಡ ಇಡುವುದು. ನಮ್ಮ ಕಡೆ ಅಗ್ಗಿಷ್ಟಿಕೆ ರೂಢಿ ಇದೆಯಲ್ಲ, ಹೆಂಚಿನ ಸಂದಿಯಲ್ಲಿ ಹೊಗೆ ಹೋಗುತ್ತದೆ. ಅಲ್ಲಿಯ ಮನೆ ಡಬ್ಬಿಯ ಹಾಗೆ ಮುಚ್ಚಿರುತ್ತದೆ. ಕೆಂಡ, ಹೊರಗೆ ಬಳಸುವ ಗ್ರಿಲ್, ಇವುಗಳಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಮಲಗಿದವರು ಏಳುವುದಿಲ್ಲ. ಕರೆಂಟ್ ಹೋದರೂ ಒಳಗೆ ಕೆಂಡ ಬೇಡ. ಕಾರನ್ನು ಗ್ಯಾರೇಜಿನೊಳಗೆ ಸ್ಟಾರ್ಟ್ ಮಾಡಿ ಬಿಡಬಾರದು. ಹಿಮ ಬಿದ್ದ ಮೇಲೆ ಕಾರಿನ ಹೊಗೆ ಕೊಳವೆಯ ಸುತ್ತ ಇರುವ ಹಿಮವನ್ನು ತೆಗೆದೇ ಸ್ಟಾರ್ಟ್ ಮಾಡಬೇಕು. ಮನೆಯಲ್ಲಿ ಆ ಗ್ಯಾಸಿನ ಅಲಾರಂ ಇದೆಯಾ, ಅದರ ಬ್ಯಾಟರಿ ಕೆಲಸ ಮಾಡುತ್ತಿದೆಯಾ ಅಂತ ಅಳಿಯಂದಿರನ್ನು ಕೇಳಿ. ಕಾರಿನ ಉಳಿದ ವಿಷಯ, ಚಳಿಗಾಲದ ಟೈರು, ಎಂಜಿನ್ ತೀರಾ ತಣ್ಣಗಾಗದಂತೆ ರಾತ್ರಿ ಅದಕ್ಕೆ ಕರೆಂಟ್ ವೈರ್ ಚುಚ್ಚುವುದು, ಅವೆಲ್ಲ ಅವರ ಆಫೀಸಿನವರೇ ಹೇಳಿಕೊಡುತ್ತಾರೆ.

ಈಗ ಅವಳ ಮನಸ್ಸಿನ ವಿಷಯ.

ಜಾಸ್ತಿ ನಿದ್ದೆ, ಏಳಲು ಆಗದಿರುವುದು, ಸಿಹಿ ಮತ್ತು ಬ್ರೆಡ್ಡಿನ ಆಸೆ, ಜನ ಬೇಡ ಅನ್ನಿಸುವುದು. ನೀವು ಬರೆದ ಈ ಲಕ್ಷಣಗಳನ್ನು ನಾನು ಪ್ರತಿ ಡಿಸೆಂಬರಿನಲ್ಲೂ ನೋಡಿದ್ದೇನೆ. ಬರೀ ನಮ್ಮವರಲ್ಲಿ ಅಲ್ಲ, ಅಲ್ಲಿಯೇ ಹುಟ್ಟಿದವರಲ್ಲೂ. ಋತುವಿನ ಜೊತೆ ಬಂದು ಹೋಗುವ ಈ ಖಿನ್ನತೆಯನ್ನು 1984ರಲ್ಲಿ ಅಮೆರಿಕದ ವೈದ್ಯ ನಾರ್ಮನ್ ರೋಸೆಂತಾಲ್ ಮತ್ತು ಅವರ ಜೊತೆಗಾರರು ಹೆಸರಿಟ್ಟು ವಿವರಿಸಿದರು. ಸೀಸನಲ್ ಅಫೆಕ್ಟಿವ್ ಡಿಸಾರ್ಡರ್ ಅಂತ ಅದರ ಹೆಸರು. ಇದರ ಮುಖ್ಯ ಕಾರಣ ಬೆಳಕಿನ ಕೊರತೆ. ಡಿಸೆಂಬರ್ 21ರಂದು ನಮ್ಮ ಹಾಸನದಲ್ಲಿ ಹಗಲು ಸುಮಾರು 11 ಗಂಟೆ 20 ನಿಮಿಷ. ವಿನಿಪೆಗ್‌ನಲ್ಲಿ 8 ಗಂಟೆ ಚಿಲ್ಲರೆ. ಎಂಟೂವರೆಗೆ ಸೂರ್ಯ ಹುಟ್ಟಿ, ನಾಲ್ಕೂವರೆಗೆ ಮುಳುಗಿರುತ್ತಾನೆ. ಬೆಳಗಿನ ಬೆಳಕು ಕಣ್ಣಿಗೆ ಬಿದ್ದರೆ ಮೈಯೊಳಗಿನ ಗಡಿಯಾರಕ್ಕೆ ಎದ್ದೇಳುವ ಹೊತ್ತು ತಿಳಿಯುತ್ತದೆ. ಹತ್ತರವರೆಗೆ ಪರದೆ ಎಳೆದು ಮಲಗಿದರೆ ಆ ಗಡಿಯಾರ ಹಿಂದೆ ಬೀಳುತ್ತಾ ಹೋಗುತ್ತದೆ.

ನೀವು ಆರೂವರೆಗೆ ಫೋನ್ ಮಾಡುತ್ತೀರಿ. ಅಲ್ಲಿಗೂ ನಮಗೂ ಚಳಿಗಾಲದಲ್ಲಿ ಹನ್ನೊಂದೂವರೆ ಗಂಟೆ ವ್ಯತ್ಯಾಸ. ಅಂದರೆ ಆಗ ಅಲ್ಲಿ ಹಿಂದಿನ ದಿನದ ಸಂಜೆ ಏಳು. ಕತ್ತಲಾಗಿ ಎರಡೂವರೆ ಗಂಟೆ ಆಗಿರುತ್ತದೆ. ಇಡೀ ದಿನ ಒಬ್ಬಳೇ ಕೂತು ಬೇಸತ್ತಿರುತ್ತಾಳೆ. ನಿಮ್ಮ ಕಡೆ ಕೋಳಿ ಕೂಗು, ಆಳುಗಳ ಮಾತು, ಒಲೆ ಸದ್ದು ಕೇಳಿಸುತ್ತದೆ. ಆ ಹೊತ್ತಿನಲ್ಲಿ ಯಾರಿಗಾದರೂ ಅಳು ಬರುತ್ತದೆ.

ಹೊತ್ತು ಬದಲಾಯಿಸಿ. ರಾತ್ರಿ ಊಟ ಮುಗಿಸಿ ಎಂಟೂವರೆಗೆ ಮಾಡಿ. ಅಲ್ಲಿ ಬೆಳಗ್ಗೆ ಒಂಬತ್ತು, ಆಗತಾನೇ ಬೆಳಕಾಗಿರುತ್ತದೆ. ಎದ್ದು, ಬೂಟು ಹಾಕಿಕೊಂಡು, ನಿಮ್ಮ ಜೊತೆ ಮಾತಾಡುತ್ತಾ ಮನೆ ಸುತ್ತ ಇಪ್ಪತ್ತು ನಿಮಿಷ ನಡೆಯಲಿ. ಇಯರ್‌ಫೋನ್ ಟೋಪಿಯೊಳಗೆ, ಫೋನು ಒಳಜೇಬಿನಲ್ಲಿ. ಹೊರಗೆ ಹಿಡಿದರೆ ಚಳಿಗೆ ಬ್ಯಾಟರಿ ಕೂತುಬಿಡುತ್ತದೆ, ಬೆರಳೂ ಮರಗಟ್ಟುತ್ತದೆ. ವಿಂಡ್ ಚಿಲ್ ಮೈನಸ್ 28ಕ್ಕಿಂತ ಕೆಳಗಿದ್ದ ದಿನ ಕಿಟಕಿ ಪಕ್ಕ ಕುರ್ಚಿ ಹಾಕಿಕೊಂಡು ಮಾತಾಡಲಿ. ಬೆಳಕನ್ನು ಲಕ್ಸ್ ಅನ್ನುವ ಅಳತೆಯಲ್ಲಿ ಅಳೆಯುತ್ತಾರೆ. ಮನೆ ದೀಪದ ಬೆಳಕು ಸಾಮಾನ್ಯವಾಗಿ ಐನೂರು ಲಕ್ಸ್ ದಾಟುವುದಿಲ್ಲ. ಮೋಡ ಮುಚ್ಚಿದ ದಿನವೂ ಹೊರಗೆ ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಇರುತ್ತದೆ. ವಿನಿಪೆಗ್‌ನ ಒಳ್ಳೆಯ ಗುಣ ಏನೆಂದರೆ, ಎಷ್ಟು ಚಳಿಯೋ ಅಷ್ಟು ತಿಳಿ ಆಕಾಶ. ನಮ್ಮ ಜುಲೈನ ಹಾಗೆ ತಿಂಗಳುಗಟ್ಟಲೆ ಮುಸುಕು ಇರುವುದಿಲ್ಲ. ಹಿಮದ ಮೇಲೆ ಬಿಸಿಲು ಬಿದ್ದಾಗ ಕಣ್ಣು ಕುಕ್ಕುತ್ತದೆ, ತಂಪು ಕನ್ನಡಕ ಬೇಕಾಗುತ್ತದೆ.

ನನ್ನ ಹೆಂಡತಿಯ ಮೊದಲ ಚಳಿಗಾಲದಲ್ಲಿ ನಾನು ಇದನ್ನು ಗಮನಿಸಲಿಲ್ಲ. ಬೆಳಗ್ಗೆ ಕತ್ತಲಲ್ಲಿ ಆಸ್ಪತ್ರೆಗೆ ಹೋಗಿ ರಾತ್ರಿ ಕತ್ತಲಲ್ಲಿ ಬರುತ್ತಿದ್ದೆ. 'ಊರು ನೆನಪಾಗ್ತಿದೆ ಅಷ್ಟೇ' ಅಂತ ಅವಳು ಹೇಳಿದ್ದನ್ನು ನಂಬಿದೆ. ಫೆಬ್ರವರಿಯಲ್ಲಿ ಪಕ್ಕದ ಮನೆಯ ಅಜ್ಜಿಯೊಬ್ಬರು ಬಂದು, ದಿನಾ ಬೆಳಗ್ಗೆ ನಾಯಿ ಕರೆದುಕೊಂಡು ಹೋಗುವಾಗ ಇವಳನ್ನೂ ಕರೆದುಕೊಂಡು ಹೋಗಲು ಶುರು ಮಾಡಿದರು. ಮೂರು ವಾರದಲ್ಲಿ ಮನೆಯಲ್ಲಿ ಮತ್ತೆ ಒಗ್ಗರಣೆ ಸದ್ದು ಕೇಳಿಸಿತು. ಆ ಅಜ್ಜಿಯನ್ನು ನಾವಿಬ್ಬರೂ ಇವತ್ತಿಗೂ ನೆನೆಯುತ್ತೇವೆ.

ನಡಿಗೆ ಸಾಲದಿದ್ದರೆ ಬೆಳಕಿನ ಪೆಟ್ಟಿಗೆ ಇದೆ. 10,000 ಲಕ್ಸ್ ಕೊಡುವ, ಯುವಿ ಕಿರಣ ಸೋಸಿದ ದೀಪ. ಎದ್ದ ಒಂದು ಗಂಟೆಯೊಳಗೆ, ಪೆಟ್ಟಿಗೆಯ ಜೊತೆ ಬಂದ ಚೀಟಿಯಲ್ಲಿ ಬರೆದಷ್ಟು ದೂರದಲ್ಲಿ ಇಟ್ಟುಕೊಂಡು, 20-30 ನಿಮಿಷ ಕೂರಬೇಕು. ದೀಪವನ್ನೇ ದಿಟ್ಟಿಸಿ ನೋಡಬಾರದು, ಕಾಫಿ ಕುಡಿಯುತ್ತಲೋ ಓದುತ್ತಲೋ ಕೂತರೆ ಸಾಕು. ಒಂದೆರಡು ವಾರದಲ್ಲಿ ಬಹಳ ಜನರಿಗೆ ವ್ಯತ್ಯಾಸ ಗೊತ್ತಾಗುತ್ತದೆ. ಸಂಜೆ ಬಳಸಿದರೆ ನಿದ್ದೆ ಹಾರಿಹೋಗುತ್ತದೆ. ಕೆಲವರಿಗೆ ತಲೆನೋವು, ಕಣ್ಣು ಆಯಾಸ. ಇನ್ನು ಮುಖ್ಯವಾದ ಎಚ್ಚರಿಕೆ: ಅವಳಿಗಾಗಲಿ, ಮನೆಯಲ್ಲಿ ಹತ್ತಿರದವರಿಗಾಗಲಿ ಬೈಪೋಲಾರ್ ಕಾಯಿಲೆ ಇದ್ದರೆ, ಅಂದರೆ ಒಮ್ಮೆ ವಿಪರೀತ ಉತ್ಸಾಹ, ಒಮ್ಮೆ ವಿಪರೀತ ಕುಸಿತ ಇದ್ದರೆ, ವೈದ್ಯರನ್ನು ಕೇಳದೆ ಈ ದೀಪ ಬೇಡ. ಕಣ್ಣಿನ ಒಳಪರದೆಯ ತೊಂದರೆ ಇರುವವರೂ ಕೇಳಿಯೇ ಬಳಸಬೇಕು.

ಎಲ್ಲ ಸುಸ್ತನ್ನೂ ಚಳಿಗಾಲದ ಮೇಲೆ ಹಾಕಬಾರದು. ಅವಳು ಮಾಂಸ ತಿನ್ನುವುದಿಲ್ಲ. ವಿಟಮಿನ್ ಬಿ12 ಕಡಿಮೆ ಇರಬಹುದು. ರಕ್ತಹೀನತೆ ಇರಬಹುದು. ಥೈರಾಯ್ಡ್ ಕಡಿಮೆ ಆದರೂ ಇದೇ ಲಕ್ಷಣ: ನಿದ್ದೆ, ಒಣ ಚರ್ಮ, ಮುಟ್ಟಿನ ಏರುಪೇರು, ಚಳಿ ತಡೆಯದಿರುವುದು. ಒಂದು ರಕ್ತ ಪರೀಕ್ಷೆಯಲ್ಲಿ ಇಷ್ಟೂ ತಿಳಿಯುತ್ತದೆ. ಅಲ್ಲಿ ವಾಕ್-ಇನ್ ಕ್ಲಿನಿಕ್ ಅಂತ ಇರುತ್ತವೆ, ನೇರವಾಗಿ ಹೋಗಿ ಡಾಕ್ಟರನ್ನು ನೋಡಬಹುದು. ಈ ವಾರ ಹೋಗಲಿ, ರಜೆ ಶುರುವಾದರೆ ಕೆಲವು ಬಾಗಿಲು ಹಾಕಿರುತ್ತವೆ. ಫ್ಲೂ ಲಸಿಕೆಯೂ ಹಾಕಿಸಿಕೊಳ್ಳಲಿ.

ವಿಟಮಿನ್ ಡಿ ಬಗ್ಗೆ ಒಂದು ಮಾತು. ಅಷ್ಟು ಉತ್ತರದಲ್ಲಿ ಚಳಿಗಾಲದ ಬಿಸಿಲಿಗೆ ಚರ್ಮದಲ್ಲಿ ವಿಟಮಿನ್ ಡಿ ಮಾಡಿಸುವ ಶಕ್ತಿ ಇರುವುದಿಲ್ಲ, ಮಧ್ಯಾಹ್ನ ನಿಂತರೂ ಅಷ್ಟೇ. ಅವಳ ವಯಸ್ಸಿಗೆ ಕೆನಡಾದಲ್ಲಿ ಹೇಳುವುದು ದಿನಕ್ಕೆ 600 ಯೂನಿಟ್. ಅಲ್ಲಿ ಮಾರುವ ಹಸುವಿನ ಹಾಲಿಗೆ ವಿಟಮಿನ್ ಡಿ ಸೇರಿಸಿಯೇ ಇರುತ್ತಾರೆ. ಇಲ್ಲಿಂದ ಹೋಗುವಾಗ ಬಹಳ ಜನ ವಾರಕ್ಕೊಂದು ತೆಗೆದುಕೊಳ್ಳುವ 60,000 ಯೂನಿಟ್ಟಿನ ಪೊಟ್ಟಣ ಕಟ್ಟಿಕೊಂಡು ಹೋಗುತ್ತಾರೆ. ಅದು ಪರೀಕ್ಷೆ ಮಾಡಿ, ಲೆಕ್ಕ ಹಾಕಿ, ಕೆಲವು ವಾರಕ್ಕೆ ಕೊಡುವ ಔಷಧಿ. ತಿಂಗಳುಗಟ್ಟಲೆ ನುಂಗುತ್ತಾ ಹೋದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ತೊಂದರೆ.

ಇನ್ನು ಅವಳು ಅತ್ತದ್ದು ರಜೆಯ ಬಗ್ಗೆ. ಅದು ಸಣ್ಣ ದುಃಖ ಅಲ್ಲ. ದೀಪಾವಳಿಯ ದಿನ ಅಲ್ಲಿ ಯಾರಿಗೂ ರಜೆ ಇರಲಿಲ್ಲ. ಹಾಸನಾಂಬೆಯ ಬಾಗಿಲು ತೆರೆದಿರುವ ಆ ಹತ್ತಾರು ದಿನ ಅಳಿಯಂದಿರ ಮನೆಯಲ್ಲಿ ಎಷ್ಟು ಗಲಾಟೆ ಇದ್ದಿರಬೇಕು, ಇವರಿಬ್ಬರು ಫೋನಿನಲ್ಲಿ ನೋಡಿದರು. ಈಗ ಊರಿಗೆ ಊರೇ ದೀಪ ಹಚ್ಚಿದೆ, ಇವರ ಮನೆಗೆ ಮಾತ್ರ ಯಾರೂ ಬರುವವರಿಲ್ಲ. ಡಿಸೆಂಬರ್ 25ರಂದು ಅಂಗಡಿ ಮುಂಗಟ್ಟು ಬಹುಪಾಲು ಮುಚ್ಚಿರುತ್ತದೆ. ರಸ್ತೆ ಖಾಲಿ. ಗೊತ್ತಿಲ್ಲದವರಿಗೆ ಆ ಮೌನ ಎದೆಗೆ ಬಂದು ಕೂರುತ್ತದೆ.

ನಾನು ಕಂಡಂತೆ, ಆ ದಿನಗಳನ್ನು ಮೊದಲೇ ತುಂಬಿಟ್ಟುಕೊಂಡವರು ಚೆನ್ನಾಗಿ ದಾಟುತ್ತಾರೆ. ಅಳಿಯಂದಿರ ಆಫೀಸಿನಲ್ಲಿ ಇವರ ಹಾಗೆಯೇ ಮನೆಗೆ ಹೋಗಲಾರದವರು ಖಂಡಿತ ಇರುತ್ತಾರೆ, ಪಂಜಾಬಿನವರು, ಫಿಲಿಪ್ಪೀನ್ಸಿನವರು. ವಿನಿಪೆಗ್‌ನಲ್ಲಿ ಇಬ್ಬರೂ ಬಹಳ ಜನ ಇದ್ದಾರೆ. 25ರ ಮಧ್ಯಾಹ್ನ ನಾಲ್ಕು ಜನರನ್ನು ಊಟಕ್ಕೆ ಕರೆಯಲಿ. ಕರೆಯಲಿ ಅಂತ ಕಾಯುವುದಕ್ಕಿಂತ ಕರೆದುಬಿಡುವುದು ಸುಲಭ. ಏನು ಮಾಡುವುದು ಅನ್ನುತ್ತಾಳೆ. ನಿಮ್ಮಲ್ಲಿ ಈಗ ಅವರೆಕಾಯಿ ಕಾಲ, ಅಲ್ವಾ? ಅಲ್ಲಿಯ ಇಂಡಿಯನ್ ಅಂಗಡಿಯ ಫ್ರೀಜರಿನಲ್ಲಿ 'ಸುರತಿ ಪಾಪ್ಡಿ ಲಿಲ್ವಾ' ಅಂತ ಗುಜರಾತಿ ಹೆಸರಿನ ಪೊಟ್ಟಣ ಸಿಗುತ್ತದೆ. ಅದು ನಮ್ಮ ಅವರೆಕಾಳೇ. ಸೊಗಡು ಇರುವುದಿಲ್ಲ, ನಿಜ. ಬಿಸಿನೀರಿನಲ್ಲಿ ನೆನೆಹಾಕಿ, ಹಿದುಕಿ, ಹಿದಕಬೇಳೆ ಸಾರು ಮಾಡಿ ಅಕ್ಕಿ ರೊಟ್ಟಿ ತಟ್ಟಬಹುದು. ನಮ್ಮ ಮನೆಯಲ್ಲಿ ಒಂಬತ್ತು ವರ್ಷವೂ ಕ್ರಿಸ್‌ಮಸ್ ಊಟ ಅದೇ. ಸಂಕ್ರಾಂತಿಗೆ ಎಳ್ಳು ಬೆಲ್ಲವನ್ನು ಅದೇ ಜನಕ್ಕೆ ಬೀರಲಿ. ನೀವು ಪುಡಿ, ಉಪ್ಪಿನಕಾಯಿ ಕಳಿಸುವುದಾದರೆ ತೆಗೆದುಕೊಂಡು ಹೋಗುವವರು ವಿಮಾನ ನಿಲ್ದಾಣದಲ್ಲಿ ತಿನ್ನುವ ಪದಾರ್ಥ ಇದೆ ಅಂತ ಬರೆದು ತೋರಿಸಲೇಬೇಕು. ಮುಚ್ಚಿಟ್ಟರೆ ದಂಡ.

ಉಳಿದ ದಿನಕ್ಕೂ ಹೋಗಲು ಜಾಗಗಳಿವೆ. ಅಸಿನಿಬೊಯಿನ್ ಪಾರ್ಕಿನಲ್ಲಿ 'ದಿ ಲೀಫ್' ಅಂತ ಗಾಜಿನ ಒಳಾಂಗಣ ತೋಟ ಇದೆ, 2022ರ ಡಿಸೆಂಬರಿನಲ್ಲಿ ತೆರೆದದ್ದು. ಹೊರಗೆ ಹಿಮ, ಒಳಗೆ ನಮ್ಮಂಥ ಬಿಸಿ ಸೀಮೆಯ ಗಿಡಮರ, ಹಸಿ ಮಣ್ಣಿನ ವಾಸನೆ. ತೋಟದಲ್ಲಿ ಹುಟ್ಟಿ ಬೆಳೆದ ಹುಡುಗಿಗೆ ಅದು ಎಷ್ಟು ಹಿತ ಅಂತ ಹೇಳಬೇಕಾಗಿಲ್ಲ. ಊರ ಮಧ್ಯೆ ಮಿಲೇನಿಯಂ ಲೈಬ್ರರಿ ಇದೆ, ಬೆಳಕು ಚೆನ್ನಾಗಿದೆ, ಕೂತರೆ ಯಾರೂ ಏಳಿಸುವುದಿಲ್ಲ. ಎರಡು ನದಿ ಕೂಡುವ ಫೋರ್ಕ್ಸ್ ಅನ್ನುವ ಕಡೆ ನದಿ ಹೆಪ್ಪುಗಟ್ಟಿದ ಮೇಲೆ ಅದರ ಮೇಲೆಯೇ ನಡೆಯುವ, ಸ್ಕೇಟಿಂಗ್ ಮಾಡುವ ದಾರಿ ಮಾಡುತ್ತಾರೆ. ಐಸಿನ ದಪ್ಪ ಅಳೆದು ಅವರು ತೆರೆದ ಮೇಲೆ ಮಾತ್ರ ಹೋಗಬೇಕು. ಬೇರೆ ಎಲ್ಲಿಯೂ ನದಿ, ಕೆರೆಯ ಐಸಿನ ಮೇಲೆ ಕಾಲಿಡಬಾರದು. ಜನವರಿಯಲ್ಲಿ ಅವಳು ಯಾವುದಾದರೂ ಕ್ಲಾಸಿಗೆ ಸೇರಿಕೊಂಡರೆ, ಕೆಲಸಕ್ಕೆ ಅರ್ಜಿ ಹಾಕಲು ಕಲಿಸುವ ತರಬೇತಿಯೋ, ಅಡುಗೆಯೋ, ಏನಾದರೂ ಸರಿ, ಬೆಳಗ್ಗೆ ಒಂಬತ್ತಕ್ಕೆ ಮನೆ ಬಿಡಬೇಕಾದ ಒಂದು ಕಾರಣ ಸಿಗುತ್ತದೆ. ಇಷ್ಟನ್ನು ಅಳಿಯಂದಿರ ಹತ್ತಿರವೂ ಮಾತಾಡಿ. ಅವರಿಗೂ ಇದು ಮೊದಲ ಚಳಿಗಾಲ. ಗಂಡಸರಲ್ಲಿ ಇದು ಅಳುವಾಗಿ ಬರುವುದು ಕಡಿಮೆ. ಸಿಡುಕು, ಮೌನ, ಕುಡಿತವಾಗಿ ಬರುತ್ತದೆ. ಒಂದು ದಿನ ಅವಳು ಒಬ್ಬಳೇ ಇರುವಾಗ 'ಮನೆಯಲ್ಲಿ ಎಲ್ಲ ಸರಿ ಇದೆಯಾ' ಅಂತ ನೇರವಾಗಿ ಕೇಳಿ. ತಪ್ಪು ತಿಳಿಯಬೇಡಿ. ಈ ಪ್ರಶ್ನೆಯನ್ನು ನಾನು ಎಲ್ಲ ಹೆಣ್ಣುಮಕ್ಕಳಿಗೂ ಕೇಳುತ್ತಿದ್ದೆ.

ಕರೆಸಿಕೊಳ್ಳಲೇ ಅಂತ ಕೇಳಿದಿರಿ. ಕರೆಸಿಕೊಳ್ಳುವುದು ತಪ್ಪಲ್ಲ, ಸೋಲೂ ಅಲ್ಲ. ಆದರೆ ಈಗಲೇ ಬೇಡ ಅನ್ನುವುದು ನನ್ನ ಅಭಿಪ್ರಾಯ. ರಜೆಯ ವಾರದಲ್ಲಿ ಟಿಕೆಟ್ ದುಬಾರಿ. ಬಂದು ತೋಟದ ಬಿಸಿಲಿನಲ್ಲಿ ಮೂರು ವಾರ ಇದ್ದು ಜನವರಿ ಕೊನೆಗೆ ವಾಪಸ್ ಹೋದರೆ, ನೇರ ಮೈನಸ್ 25ಕ್ಕೆ ಇಳಿಯುತ್ತಾಳೆ. ಹಾಗೆ ಹೋದವರಿಗೆ ಎರಡನೇ ಸಲದ ಕುಸಿತ ಜೋರಾಗಿ ಬಂದದ್ದನ್ನು ನೋಡಿದ್ದೇನೆ. ಡಿಸೆಂಬರ್ 21 ದಾಟಿದರೆ ಹಗಲು ದಿನದಿನಕ್ಕೂ ಬೆಳೆಯುತ್ತದೆ. ಫೆಬ್ರವರಿ ಕೊನೆಗೆ ಹತ್ತೂವರೆ ಗಂಟೆ ದಾಟಿರುತ್ತದೆ, ಚಳಿ ಇದ್ದರೂ. ನಡಿಗೆ, ದೀಪ, ಡಾಕ್ಟರ್, ಇವನ್ನು ನಾಲ್ಕು ವಾರ ಮಾಡಿಯೂ ಅವಳು ಏಳದಿದ್ದರೆ ಮಾತಿನ ಚಿಕಿತ್ಸೆ ಇದೆ, ಮಾತ್ರೆ ಇದೆ. ಎರಡೂ ಕೆಲಸ ಮಾಡುತ್ತವೆ. ಇಲ್ಲಿಂದ ನಿದ್ದೆ ಮಾತ್ರೆ ಕಳಿಸುವ ಯೋಚನೆ ಬೇಡ. ಅಷ್ಟರ ಮೇಲೂ ಅವಳೇ ಬರುತ್ತೇನೆ ಅಂದರೆ ಮರುಮಾತಿಲ್ಲದೆ ಕರೆಸಿಕೊಳ್ಳಿ.

ಕಾಯಬಾರದ ಸಂದರ್ಭವೂ ಇದೆ. 'ಬದುಕಿ ಏನು ಪ್ರಯೋಜನ', 'ನಾನಿಲ್ಲದಿದ್ದರೆ ಎಲ್ಲರಿಗೂ ಆರಾಮ' ಅನ್ನುವ ಮಾತು ಬಂದರೆ, ಊಟ ಸ್ನಾನ ಬಿಟ್ಟರೆ, ಅದೇ ದಿನ ಅವರು 988ಕ್ಕೆ ಫೋನ್ ಮಾಡಬೇಕು. ಕೆನಡಾದಲ್ಲಿ ಇದು ಹಗಲು ರಾತ್ರಿ ಇರುವ ಸಹಾಯವಾಣಿ, ಮೆಸೇಜ್ ಕೂಡ ಕಳಿಸಬಹುದು. ತುರ್ತು ಇದ್ದರೆ 911. ನಿಮಗೇ ಯಾರ ಹತ್ತಿರವಾದರೂ ಮಾತಾಡಬೇಕು ಅನ್ನಿಸಿದರೆ ನಮ್ಮಲ್ಲಿ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಯೋಚನೆ ಬರುತ್ತಿದೆಯಾ ಅಂತ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಅನ್ನುವುದು ಸುಳ್ಳು. ಕೇಳಿದರೆ ಅವರಿಗೆ ಹಗುರ ಆಗುತ್ತದೆ.

ನೀವು ಹೋಗುವ ವಿಷಯ. ಈ ಚಳಿಗಾಲದಲ್ಲಿ ಬೇಡ ಅಮ್ಮಾ. ವಿಪರೀತ ಚಳಿಗೆ ರಕ್ತನಾಳ ಕುಗ್ಗಿ ಬಿಪಿ ಏರುತ್ತದೆ. ಐಸಿನ ಮೇಲೆ ಈ ವಯಸ್ಸಿನಲ್ಲಿ ಜಾರಿ ಬಿದ್ದರೆ ಸೊಂಟದ ಮೂಳೆ ಮುರಿಯುವ ಅಪಾಯ. ಶುಗರ್ ಇರುವವರಿಗೆ ಕಾಲಿನ ಸ್ಪರ್ಶ ಕಡಿಮೆ ಇದ್ದರೆ ಮರಗಟ್ಟಿದ್ದೂ ತಿಳಿಯುವುದಿಲ್ಲ. ನೀವು ಇನ್ಸುಲಿನ್ ತೆಗೆದುಕೊಳ್ಳುವುದಾದರೆ ಅದು ಹೆಪ್ಪುಗಟ್ಟಿದರೆ ಕೆಟ್ಟಿತು ಅಂತಲೇ ಲೆಕ್ಕ. ಮೇಲಾಗಿ ನೀವೂ ಆ ನಾಲ್ಕು ಗೋಡೆಯೊಳಗೆ ಕೂತರೆ ಅವಳು ನಿಮ್ಮನ್ನು ನೋಡಿಕೊಳ್ಳಬೇಕಾಗುತ್ತದೆ. ಹಣ್ಣು ಕೊಯ್ಲು, ಒಣಗಿಸುವುದು, ಗಿಡ ಕಸಿ ಎಲ್ಲ ಮುಗಿಸಿ ಮೇ ಕೊನೆಗೆ ಹೋಗಿ. ಆಗ ಅಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕು. ಅವರಿಗೆ ಪಿಆರ್, ಅಂದರೆ ಅಲ್ಲಿ ಕಾಯಂ ಆಗಿ ನೆಲೆಸುವ ಅನುಮತಿ ಇದ್ದರೆ ತಂದೆ ತಾಯಿಗೆ ಸೂಪರ್ ವೀಸಾ ಅಂತ ಇದೆ, ಅದಕ್ಕೆ ಕನಿಷ್ಠ ಒಂದು ಲಕ್ಷ ಕೆನಡಿಯನ್ ಡಾಲರಿನ ಆರೋಗ್ಯ ವಿಮೆ ಕಡ್ಡಾಯ. ಪಿಆರ್ ಇಲ್ಲದಿದ್ದರೆ ಸಾಮಾನ್ಯ ವಿಸಿಟರ್ ವೀಸಾ. ಅದಕ್ಕೆ ವಿಮೆ ಕಡ್ಡಾಯ ಅಲ್ಲದಿದ್ದರೂ ಮಾಡಿಸದೆ ಹೋಗಬೇಡಿ. ನಿಮ್ಮ ಬಿಪಿ, ಶುಗರ್ ವಿಷಯ ವಿಮೆಯ ಅರ್ಜಿಯಲ್ಲಿ ಮುಚ್ಚಿಡಬೇಡಿ. ವೀಸಾ ಅರ್ಜಿ ಈಗಲೇ ಶುರು ಮಾಡಿ. 'ಅಮ್ಮ ಮೇ ತಿಂಗಳಲ್ಲಿ ಬರ್ತಾರೆ' ಅನ್ನುವುದು ಅವಳ ಕ್ಯಾಲೆಂಡರಿನಲ್ಲಿ ಬರೆದಿದ್ದರೆ ಜನವರಿ ಸ್ವಲ್ಪ ಸಣ್ಣದಾಗುತ್ತದೆ.

ಇವತ್ತು ರಾತ್ರಿ ಎಂಟೂವರೆಗೆ ಫೋನ್ ಮಾಡಿ. ಮೊದಲ ದಿನ ಎದ್ದಿರುವುದಿಲ್ಲ, ಬೈಯಬೇಡಿ, ಮತ್ತೆ ಮಾಡಿ. ಹೇಗಿದ್ದೀಯ ಅಂತ ಶುರು ಮಾಡಿದರೆ ಅಳು ಬರುತ್ತದೆ. ಪರದೆ ಸರಿಸಿದೆಯಾ, ಹೊರಗೆ ಏನು ಕಾಣುತ್ತಿದೆ ಅಂತ ಕೇಳಿ. ಜನವರಿ ಮೊದಲ ವಾರ ನನಗೆ ಮತ್ತೆ ಬರೆಯಿರಿ: ರಕ್ತ ಪರೀಕ್ಷೆಯಲ್ಲಿ ಏನು ಬಂತು, ಎಷ್ಟು ಹೊತ್ತಿಗೆ ಏಳುತ್ತಾಳೆ, ವಾರದಲ್ಲಿ ಎಷ್ಟು ದಿನ ಹೊರಗೆ ಹೋದಳು, 25ಕ್ಕೆ ಯಾರು ಊಟಕ್ಕೆ ಬಂದಿದ್ದರು.